ಬರೀ ಡ್ರಾಪ್ಸ್ ಅಂತೆ

ಜನವರಿ ೯, ೨೦೨೫. ಗುರುವಾರ

ಶೌಕತ್ ಅಲಿ ಹೊನ್ನಾಳಿಯಲ್ಲಿ ಕಣ್ಣಿನ ಪೊರೆ ತೆಗೆಸಿಕೊಂಡು ಬಂದು ವಾರದ ಮೇಲಾಯಿತು. ಇವತ್ತು ತನ್ನ ಟೈಲರ್ ಅಂಗಡಿ ಬಾಗಿಲು ತೆರೆದ. ಚನ್ನಗಿರಿ ಪೇಟೆಯ ಅರ್ಧ ಜನ ಅವನ ಮೆಟ್ಟಿಲ ಮೇಲೇ ಇದ್ದರು. ಅವನು ಕಪ್ಪು ಕನ್ನಡಕ ಹಾಕಿಕೊಂಡು, ಕಾಲ ಮೇಲೆ ಕಾಲು ಹಾಕಿ, ಯಾವುದೋ ರಾಜ್ಯ ಗೆದ್ದು ಬಂದವನ ಹಾಗೆ ಕೂತಿದ್ದ.

"ಸೂಜಿಗೀಜಿ ಏನಿಲ್ಲ ಕಣ್ರಪ್ಪ. ಬರೀ ಡ್ರಾಪ್ಸ್! ನಾಕು ಹನಿ ಬಿಟ್ರು, ಕಣ್ಣು ಮರದ ತುಂಡಿನ ಹಂಗಾತು. ಡಾಕ್ಟ್ರಮ್ಮನ ಜೊತೆ ಮಾತಾಡ್ತಾ ಇದ್ದಂಗೇ ಮುಗಿದೋತು."

ಬಂದವರಿಗೆಲ್ಲ ಇದೇ ಮಾತು. ಅವನ ಅಂಗಡಿಗೂ ನನ್ನ ಅಂಗಡಿಗೂ ನಡುವೆ ಒಂದೇ ಗೋಡೆ, ಅಷ್ಟು ಸಲವೂ ನನಗೆ ಕೇಳಿಸಿತು.

ಆಮೇಲೆ ನನ್ನಲ್ಲಿಗೆ ಬಂದ. ನನ್ನದು ಮ್ಯಾಚಿಂಗ್ ಸೆಂಟರ್. ಮೂರು ಗೋಡೆ ತುಂಬ ಬ್ಲೌಸ್ ಬಟ್ಟೆ ಸುತ್ತಿಟ್ಟ ಥಾನುಗಳು. ಕನ್ನಡಕ ಎತ್ತಿ ನೋಡಿ ಬಾಯಿ ಬಿಟ್ಟುಕೊಂಡು ನಿಂತ.

"ಸಿದ್ದಣ್ಣ, ಇಷ್ಟು ಬಣ್ಣ ಇಟ್ಕಂಡಿದೀಯೇನೋ ನೀನು!"

ಅವನು ಮೂವತ್ತು ವರ್ಷದಿಂದ ದಿನಾ ನೋಡಿದ ಗೋಡೆ ಅದು. ಬಣ್ಣ ನನ್ನ ಕಸುಬು. ಯಾವ ಸೀರೆ ತಂದರೂ ಅದಕ್ಕೆ ಒಪ್ಪುವ ರವಿಕೆ ಬಟ್ಟೆ ಮರುಳಸಿದ್ದಪ್ಪನ ಕೈಗೆ ತಾನಾಗಿ ಬರುತ್ತದೆ ಅಂತ ಹೆಂಗಸರು ಹೇಳುತ್ತಿದ್ದರು. ಈಗ ಹೊಲಿಯುವವನು ಬಂದು ನನಗೆ ನನ್ನ ಬಣ್ಣ ತೋರಿಸುತ್ತಾನೆ!

ಇಂಥದ್ದನ್ನೆಲ್ಲ ಇಷ್ಟು ದಿನ ಹೇಳಿಕೊಳ್ಳುತ್ತಿದ್ದುದು ಶೌಕತ್‌ಗೇ. ಇದನ್ನು ಅವನಿಗೆ ಹೇಗೆ ಹೇಳಲಿ? ಅದಕ್ಕೇ ಹೊಸ ವರ್ಷಕ್ಕೆ ಬಂದ ಈ ಡೈರಿ ಬಿಚ್ಚಿ ಕೂತಿದ್ದೇನೆ.

ಜನವರಿ ೧೪, ಮಂಗಳವಾರ

ಸಂಕ್ರಾಂತಿ. ನನ್ನ ಹೆಂಡತಿ ಅರುಣಾ ಎಳ್ಳುಬೆಲ್ಲದ ಮೊದಲ ಪೊಟ್ಟಣ ಶೌಕತ್‌ಗೆ ಕೊಟ್ಟು ಬಂದಳು. ಕೊಡಲಿ, ಪ್ರತಿ ವರ್ಷ ಕೊಡುತ್ತಾಳೆ. ಆದರೆ ಉಟ್ಟ ಹೊಸ ಸೀರೆ ಹೇಗಿದೆ ಅಂತ ಅವನನ್ನು ಕೇಳಿ ಬಂದಿದ್ದಾಳೆ.

"ನಾನಿರಲಿಲ್ವೇನು ಕೇಳಾಕೆ?" ಅಂದೆ.

"ನಿಮ್ಮನ್ನ ಕೇಳಿದ್ದೆ ಕಣ್ರೀ. ನೀವು ಕೇಸರಿ ಅಂದ್ರಿ. ಇದು ಗುಲಾಬಿ."

ಕಬ್ಬು ಕಚ್ಚುವ ಮನಸ್ಸಾಗಲಿಲ್ಲ.

ಜನವರಿ ೨೦, ಸೋಮವಾರ

ಮರ್ಯಾದೆ ಹೋಯಿತು.

ತ್ಯಾವಣಿಗೆಯಿಂದ ದ್ಯಾಮಮ್ಮ ಮಗಳು ಪೂಜಾಳನ್ನು ಕರೆದುಕೊಂಡು ಬಂದಿದ್ದರು. ಹುಡುಗಿಗೆ ಮದುವೆ ಗೊತ್ತಾಗಿದೆ. ತೆಳು ನೇರಳೆ ಸೀರೆ ಹರವಿದರು. ನಾನು ಎಂದಿನಂತೆ ಒಂದೇ ಸಲಕ್ಕೆ ಥಾನು ಎಳೆದು ಹರಿದು ಕೊಟ್ಟೆ. ಅವರು ಅದನ್ನು ಹೊಲಿಸಲು ಅಂತ ಪಕ್ಕಕ್ಕೆ ಒಯ್ದರು. ಎರಡು ನಿಮಿಷಕ್ಕೆ ಶೌಕತ್ ಬಟ್ಟೆ ಸೀರೆ ಎರಡನ್ನೂ ಹಿಡಿದುಕೊಂಡು ನನ್ನ ಅಂಗಡಿಗೆ ಬಂದ. ಹಿಂದೆ ತಾಯಿ ಮಗಳು. ಅಂಗಡಿಯಲ್ಲಿ ಇನ್ನೂ ನಾಲ್ಕು ಜನ ಹೆಂಗಸರಿದ್ದರು.

"ಸಿದ್ದಣ್ಣ, ಇದು ಬೂದಿ ಬಣ್ಣ ಕಣೋ. ನೇರಳೆ ಎಲ್ಲೈತೆ ಇದ್ರಾಗೆ?"

ಎಲ್ಲರ ಎದುರಿಗೆ. ಮೆತ್ತಗೆ ಹೇಳಬಹುದಿತ್ತು, ಒಬ್ಬನೇ ಬರಬಹುದಿತ್ತು. ತಾನೇ ಕೈ ಚಾಚಿ ಮೇಲಿನ ಸಾಲಿನಿಂದ ಬೇರೆ ಥಾನು ಎಳೆದು ಸೀರೆಯ ಮೇಲಿಟ್ಟ. "ಹೌದಲ್ರೀ!" ಅಂದಳು ಹುಡುಗಿ. ದ್ಯಾಮಮ್ಮ ನನ್ನ ಮುಖ ನೋಡಲಿಲ್ಲ, ಅದೇ ಹೆಚ್ಚು ಸುಟ್ಟಿತು.

ಜನವರಿ ೨೧

ಎರಡೂ ಥಾನು ಹೊರಗೆ ಒಯ್ದು ಬಿಸಿಲಿಗೆ ಹಿಡಿದು ನೋಡಿದೆ. ನನಗೆ ಎರಡೂ ಒಂದೇ.

ಜನವರಿ ೨೭, ಸೋಮವಾರ

ಈಗ ಹೊಸ ಪದ್ಧತಿ ಶುರುವಾಗಿದೆ. ನನ್ನಲ್ಲಿ ಬಟ್ಟೆ ಕೊಳ್ಳುವುದು, ಕೊಂಡದ್ದನ್ನು ಪಕ್ಕಕ್ಕೆ ಒಯ್ದು "ಸರಿ ಐತೇನ್ರೀ ಸಾಬ್ರೇ?" ಅಂತ ಕೇಳುವುದು. ಅವನು ತಲೆಯಾಡಿಸಿದರೆ ಸರಿ. ನನ್ನ ಅಂಗಡಿಗೆ ಅವನು ಠಸ್ಸೆ ಒತ್ತುವವನಾದ.

ಹೊಲಿಗೆ ಯಂತ್ರದ ಮುಂದೆ ಕೂತು ಹಾಡು ಗುನುಗುತ್ತಾನೆ. ಮೊದಲು ದಾರ ಪೋಣಿಸಲು ನನ್ನ ಅಂಗಡಿಯ ಹುಡುಗಿಯರನ್ನು ಕರೆಯುತ್ತಿದ್ದವನು ಈಗ ತಾನೇ ಪೋಣಿಸಿ, ಪೋಣಿಸಿದ್ದನ್ನು ನನಗೆ ತೋರಿಸುತ್ತಾನೆ. ಅವನ ಆ ಹಾಡು ಕೇಳಿದರೆ ನನಗೆ ಊಟ ಸೇರುವುದಿಲ್ಲ.

ತೀರ್ಮಾನ ಮಾಡಿದೆ. ನಾನೂ ಆಪರೇಷನ್ ಮಾಡಿಸಿಕೊಳ್ಳುತ್ತೇನೆ. ಅದೇ ಆಸ್ಪತ್ರೆ, ಅದೇ ಡಾಕ್ಟ್ರಮ್ಮ. ಮತ್ತೆ ಬರೀ ಡ್ರಾಪ್ಸ್. ಅವನಿಗಿಂತ ಒಂದು ಹನಿ ಕಡಿಮೆಯಲ್ಲಿ ಆಗಬೇಕು.

ಫೆಬ್ರುವರಿ ೩, ಸೋಮವಾರ

ಹೊನ್ನಾಳಿಗೆ ಹೋಗಿ ಬಂದೆವು. ನಾನು ಅರುಣಾಳನ್ನು ಮಾತ್ರ ಕರೆದುಕೊಂಡು ಹೊರಟಿದ್ದೆ. ಬಸ್ ಸ್ಟ್ಯಾಂಡಿನಲ್ಲಿ ನೋಡಿದರೆ ಶೌಕತ್ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ನಿಂತಿದ್ದಾನೆ. "ನಾನೇ ಹೇಳ್ದೆ ಕಣ್ರೀ, ಅವರಿಗೆ ಆಸ್ಪತ್ರೆ ಗೊತ್ತೈತಲ್ಲ," ಅಂದಳು ಅರುಣಾ.

ಅಲ್ಲಿ ಅವನದೇ ದರ್ಬಾರು. ಔಷಧಿ ಬಿಡುವ ನರ್ಸ್ ಸಾಯಿಮಾ ಅನ್ನುವ ಹುಡುಗಿ "ಚಾಚಾ, ಬಂದ್ರಾ!" ಅಂತ ಎದ್ದು ನಿಂತಳು. ನನ್ನ ಕಣ್ಣಿಗೆ ಪಾಪೆ ಅಗಲ ಮಾಡುವ ಹನಿ ಬಿಟ್ಟಳು. ಮೊದಲು ಚುರುಕ್ಕೆಂದಿತು, ಗಂಟಲಲ್ಲಿ ಕಹಿ ಇಳಿಯಿತು. ಕಣ್ಣು ಮುಚ್ಚಿಕೊಂಡು ಕೂತೆ. ಮತ್ತೆ ಬಂದು ಟಾರ್ಚ್ ಹಾಕಿ ನೋಡಿ ಮತ್ತೊಂದು ಹನಿ. ಮತ್ತೂ ಒಂದು. ಪಕ್ಕದಲ್ಲಿದ್ದವರನ್ನೆಲ್ಲ ಒಳಗೆ ಕರೆದರು, ನನ್ನ ಪಾಪೆ ಮಾತ್ರ ಅಗಲವಾಗಲೊಲ್ಲದು.

ಡಾಕ್ಟರ್ ವಿಜಯಶ್ರೀ ಯಂತ್ರದ ಆಚೆಯಿಂದ ಬಹಳ ಹೊತ್ತು ನೋಡಿದರು. "ಯಜಮಾನ್ರೆ, ಶುಗರ್ ಐತಾ? ಬಿಪಿ? ರಕ್ತ ತೆಳು ಮಾಡೋ ಮಾತ್ರೆ?" ಎಲ್ಲಕ್ಕೂ ಇಲ್ಲ ಅಂದೆ. "ಮೂತ್ರದ ತೊಂದರೆಗೆ ಏನಾದ್ರೂ ಮಾತ್ರೆ ತಗೋತಿದೀರಾ?"

ಶೌಕತ್ ನನ್ನ ಬೆನ್ನ ಹಿಂದೆಯೇ ನಿಂತಿದ್ದ.

"ಇಲ್ಲ," ಅಂದೆ.

ಪೊರೆ ಗಟ್ಟಿಯಾಗಿದೆ, ಪಾಪೆಯೂ ಚಿಕ್ಕದು, ಕಣ್ಣಿನ ಪಕ್ಕದಲ್ಲಿ ಜೋಮು ಹಿಡಿಸುವ ಇಂಜೆಕ್ಷನ್ ಕೊಟ್ಟೇ ಮಾಡುವುದು ಒಳ್ಳೆಯದು ಅಂದರು. ನನಗೆ ಸಿಟ್ಟು ಬಂತು. "ಇವನಿಗೆ ಬರೀ ಡ್ರಾಪ್ಸಲ್ಲೇ ಮಾಡಿದ್ರಲ್ರೀ ಡಾಕ್ಟ್ರೇ? ನನಗೂ ಹಂಗೇ ಮಾಡ್ರಿ."

ಡಾಕ್ಟ್ರಮ್ಮ ಶೌಕತ್ ಕಡೆ ನೋಡಿದರು. ಅವನು ಫ್ಯಾನು ನೋಡುತ್ತಿದ್ದ.

"ಒಬ್ಬೊಬ್ಬರ ಕಣ್ಣು ಒಂದೊಂದು ಥರ. ಆವತ್ತೇ ನೋಡಾಣ," ಅಂದು ದಿನ ಗೊತ್ತು ಮಾಡಿದರು.

ಫೆಬ್ರುವರಿ ೪

ಮಾತ್ರೆ ತಗೋತೀನಿ. ಇಲ್ಲಿಯಾದರೂ ಬರೆಯುತ್ತೇನೆ. ಪ್ರಾಸ್ಟೇಟ್ ದಪ್ಪ ಆಗಿದೆ ಅಂತ ದಾವಣಗೆರೆ ಡಾಕ್ಟರು ಕೊಟ್ಟಿದ್ದು. ಚನ್ನಗಿರಿಯ ಮೆಡಿಕಲ್‌ನಲ್ಲಿ ಕೊಂಡರೆ ಊರಿಗೆಲ್ಲ ಗೊತ್ತಾಗುತ್ತದೆ ಅಂತ ಅಲ್ಲಿಂದಲೇ ತರಿಸುತ್ತೇನೆ. ಅರುಣಾಗೆ ಅದು ಗ್ಯಾಸ್ ಮಾತ್ರೆ. ಶೌಕತ್‌ಗೆ ಗೊತ್ತಾದರೆ ಮುಗಿಯಿತು, ಮೆಟ್ಟಿಲ ಮೇಲೆ ಕೂತು ಅದನ್ನೇ ಹಾಡುತ್ತಾನೆ. ಅವನ ಮುಂದೆ ಕಣ್ಣೊಂದು ಸೋತಿದ್ದು ಸಾಲದೇ?

ಉಚ್ಚೆಗೂ ಕಣ್ಣಿಗೂ ಏನು ಸಂಬಂಧ? ಏನೂ ಇರಲಾರದು. ಮತ್ತೆ ಡಾಕ್ಟ್ರಮ್ಮ ಯಾಕೆ ಕೇಳಿದರು?

ಫೆಬ್ರುವರಿ ೧೧, ಮಂಗಳವಾರ

ನಾಳೆ ಆಪರೇಷನ್. ತಲೆಗೆ ಸ್ನಾನ ಮಾಡಿದೆ. ಸೂಜಿ ಅಂದರೆ ನನಗೆ ಕೈಕಾಲು ತಣ್ಣಗಾಗುತ್ತದೆ. ಕೋವಿಡ್ ಲಸಿಕೆ ಹಾಕಿಸಿಕೊಂಡ ದಿನ ಶಾಲೆಯ ಜಗುಲಿಯಲ್ಲಿ ಶೌಕತ್ ಹೆಗಲ ಮೇಲೆ ಬಿದ್ದಿದ್ದೆ, ಪೇಟೆಯವರೆಲ್ಲ ನೋಡಿದ್ದಾರೆ. ಈ ಸಲ ಹಾಗಾಗಕೂಡದು. ಅವನಿಗೆ ಆದದ್ದು ನನಗೆ ಯಾಕಾಗಬಾರದು? ಡ್ರಾಪ್ಸ್ ಅಂದರೆ ಡ್ರಾಪ್ಸ್.

ಫೆಬ್ರುವರಿ ೧೬, ಭಾನುವಾರ

ಬರೆಯಬಾರದು ಅಂತ ಅರುಣಾ ಮೂರು ದಿನ ಪೆನ್ನು ಬಚ್ಚಿಟ್ಟಿದ್ದಳು. ಇವತ್ತು ಕೊಟ್ಟಳು. ಆವತ್ತಿನದು ಮರೆಯುವ ಮೊದಲು ಪೂರ್ತಿ ಬರೆಯಬೇಕು.

ಆಪರೇಷನ್ ಕೋಣೆಯ ಹೊರಗೆ ನಮ್ಮನ್ನು ಸಾಲಾಗಿ ಕೂರಿಸಿದ್ದರು. ಎಲ್ಲರಿಗೂ ಹಸಿರು ಗೌನು, ತಲೆಗೆ ಟೋಪಿ. ಆಪರೇಷನ್ ಆಗುವ ಕಣ್ಣಿನ ಹುಬ್ಬಿನ ಮೇಲೆ ಗುರುತು. ಸಾಯಿಮಾ ಹನಿ ಬಿಡುತ್ತ ಸಾಲಿನ ಆ ತುದಿಗೂ ಈ ತುದಿಗೂ ಓಡಾಡುತ್ತಿದ್ದಳು. ಶೌಕತ್ ನನ್ನ ಪಕ್ಕ ಸ್ಟೂಲು ಎಳೆದುಕೊಂಡು ಕೂತಿದ್ದ. ನನ್ನ ಆ ಕಡೆ ಸೂಳೆಕೆರೆ ಕಡೆಯ ಅಜ್ಜನೊಬ್ಬ. "ನನ್ನ ಕಣ್ಣು ತೆರೀತು, ಈ ಯಜಮಾನರದು ಯಾಕೆ ತೆರೆಯಂಗಿಲ್ಲ?" ಅಂತ ಸಾಯಿಮಾಳನ್ನು ಕೇಳಿದ.

ಉತ್ತರ ಕೊಟ್ಟವನು ಶೌಕತ್. "ನಂದೂ ಹಂಗೇ ಆಗಿತ್ತು ಅಜ್ಜಾ. ನಾನು ಉಚ್ಚೆ ಮಾತ್ರೆ ತಗೋತೀನಲ್ಲ, ಅದಕ್ಕೆ. ಪಾಪೆ ಸಡಿಲ ಆಗ್ತೈತಂತೆ."

ಇಡೀ ಸಾಲಿಗೆ ಕೇಳುವ ಹಾಗೆ ಹೇಳಿದ. ಯಾರೂ ನಗಲಿಲ್ಲ. ಅಜ್ಜ "ನಮ್ಮ ತಮ್ಮನೂ ತಗೋತಾನೆ" ಅಂದ, ಅಷ್ಟೇ.

"ಯಾವ ಮಾತ್ರೆ?" ಅಂದೆ. ಹೆಸರು ಹೇಳಿದ. ಅದೇ ಮಾತ್ರೆ. ನನಗಿಂತ ಒಂದು ವರ್ಷ ಮೊದಲಿಂದ ತಗೋತಿದ್ದಾನೆ. ಸತ್ಯ ಬರೆಯಬೇಕಲ್ಲ, ಆ ಹೊತ್ತಿನಲ್ಲೂ ನನಗೆ ಮೊದಲು ಅನ್ನಿಸಿದ್ದು ಇದರಲ್ಲೂ ಇವನೇ ಮುಂದೆ ಅಂತ.

"ಅದರಿಂದ ಕಣ್ಣಿಗೇನಾಗ್ತೈತೆ?"

"ಮೊದಲೇ ಗೊತ್ತಿದ್ರೆ ಏನಿಲ್ಲ. ಒಳಗೆ ಬೇರೆ ಔಷಧಿ ಬಿಟ್ಟು, ಪಾಪೆಗೆ ಸಣ್ಣ ಕೊಕ್ಕೆ ಹಾಕಿ ಹಿಡ್ಕಂಡು ಮಾಡ್ತಾರೆ. ಹೇಳದೇ ಇದ್ರೆ ನಡುವೆ ಪಾಪೆ ಬಟ್ಟೆ ಅಂಚಿನ ಹಂಗೆ ಅಲ್ಲಾಡಿ ಹೊರಗೆ ಬರ್ತೈತಂತೆ. ಕಣ್ಣು ಹೋದ್ರೂ ಹೋತು ಅಂದ್ರು ಡಾಕ್ಟ್ರಮ್ಮ."

ಅಷ್ಟರಲ್ಲಿ ಸಾಯಿಮಾ ನನ್ನ ಹೆಸರು ಕರೆದಳು. ಎದ್ದೆ. ಬಾಗಿಲವರೆಗೆ ಹೋದೆ. ಒಳಗಿಂದ ತಣ್ಣನೆಯ ಗಾಳಿ, ಸ್ಪಿರಿಟ್ ವಾಸನೆ. ಹೇಳಿದರೆ ಈ ಸಾಲಿನ ಎದುರು, ಶೌಕತ್ ಎದುರು ನಾನು ಸುಳ್ಳ. ಹೇಳದಿದ್ದರೆ ನನ್ನ ಕಣ್ಣು. ಇನ್ನು ಮೇಲೆ ಬಣ್ಣವೇ ಇಲ್ಲದ ಅಂಗಡಿಯಲ್ಲಿ ಕೂರಬೇಕಾಗಬಹುದು. ಇಷ್ಟು ಗೊತ್ತಿದ್ದೂ ನಾಲಿಗೆ ಏಳಲಿಲ್ಲ ಅಂದರೆ ಮನುಷ್ಯನ ಹೊಟ್ಟೆಕಿಚ್ಚು ಎಂಥದ್ದಿರಬೇಕು!

ತಿರುಗಿ ನೋಡಿದೆ. ಶೌಕತ್ ನನ್ನ ಚಪ್ಪಲಿಗಳನ್ನು ಎತ್ತಿ ಬೆಂಚಿನ ಕೆಳಗೆ ಜೋಡಿಸುತ್ತಿದ್ದ.

"ಶೌಕತ್," ಅಂದೆ. "ನಾನೂ ತಗೋತೀನಿ ಕಣೋ ಆ ಮಾತ್ರೆ."

ಅವನು ನಗಲಿಲ್ಲ. ಮುಖ ಬಿಳಿಚಿಕೊಂಡಿತು. "ಸಾಯಿಮಾ, ನಿಲ್ಲಮ್ಮ! ಒಳಗೆ ಕರ್ಕಂಡು ಹೋಗಬ್ಯಾಡ, ಡಾಕ್ಟ್ರನ್ನ ಕರಿ!" ಅಂತ ಕೂಗಿದ. ಅವನು ಅಷ್ಟು ಜೋರಾಗಿ ಕೂಗಿದ್ದನ್ನು ನಾನು ಯಾವತ್ತೂ ಕೇಳಿಲ್ಲ.

ಡಾಕ್ಟ್ರಮ್ಮ ಮಾಸ್ಕ್ ಇಳಿಸುತ್ತ ಬಂದರು. "ಮೊನ್ನೆ ಇಲ್ಲ ಅಂದ್ರಲ್ಲ ಯಜಮಾನ್ರೆ?" ಶೌಕತ್ ಮುಂದೆ ಬಂದು, "ಮರೆತಿದ್ದ ಡಾಕ್ಟ್ರೇ. ಸುಮಾರು ಮರೀತಾನೆ ಈಗೀಗ," ಅಂದ. ಡಾಕ್ಟ್ರಮ್ಮ ಅವನನ್ನೂ ನನ್ನನ್ನೂ ಒಂದು ಸಲ ನೋಡಿದರು. "ಈಗಲಾದ್ರೂ ಹೇಳಿದ್ರಲ್ಲ. ಅದಕ್ಕೆ ತಯಾರಿ ಮಾಡ್ಕೋತೀನಿ. ಆದ್ರೆ ಬರೀ ಡ್ರಾಪ್ಸಲ್ಲಿ ಆಗಲ್ಲ. ಇಂಜೆಕ್ಷನ್ ಬೇಕೇ ಬೇಕು," ಅಂದು ಒಳಗೆ ಹೋದರು.

"ನಿನಗೆ ಮಾತ್ರ ಹೆಂಗಾತೋ ಡ್ರಾಪ್ಸಲ್ಲಿ?" ಅಂದೆ ಶೌಕತ್‌ಗೆ. ಅದೇ ಮಾತ್ರೆ, ಅದೇ ಸಡಿಲ ಪಾಪೆ, ಅವನಿಗೆ ಮಾತ್ರ ಯಾಕೆ ಆ ಭಾಗ್ಯ!

ಅವನು ಕಿವಿ ಕೆರೆದುಕೊಂಡ. "ನನಗೂ ಸೂಜೀನೇ ಹಾಕಿದ್ದು ಸಿದ್ದಣ್ಣ."

"ಏನು?"

"ಸೂಜಿ ಅಂದಿದ್ರೆ ನೀನು ಈ ಜನ್ಮದಾಗೆ ಹೊನ್ನಾಳಿ ಕಡೆ ಬರ್ತಿದ್ದೇನು? ಎರಡು ವರ್ಷದಿಂದ ನೀನು ಥಾನಿನ ಚೀಟಿ ಓದಾಕೆ ತಿಣುಕಾಡೋದು ನೋಡ್ತಿದೀನಿ. ಸ್ವಲ್ಪ ಜಂಬನೂ ಇತ್ತು ಬಿಡು, ಇಲ್ಲ ಅನ್ನಲ್ಲ."

ಒಂದು ತಿಂಗಳು! ಒಂದು ತಿಂಗಳು ನಾನು ಉರಿದದ್ದು ಇಲ್ಲದ ಸಂಗತಿಗೆ! ಅವನ ಕುತ್ತಿಗೆ ಹಿಡಿಯುವಷ್ಟು ಸಿಟ್ಟು ಬಂತು. ಆ ಸಿಟ್ಟಲ್ಲೇ ಒಳಗೆ ಹೋಗಿ ಮಲಗಿದೆ. ಡಾಕ್ಟ್ರಮ್ಮ ಕೆಳರೆಪ್ಪೆಯ ಹತ್ತಿರ ಸೂಜಿ ಇಟ್ಟಾಗ ನಾನು ಅವನಿಗೆ ಕೊಡಬೇಕಾದ ಬೈಗುಳ ಯೋಚಿಸುತ್ತಿದ್ದೆ. ಚುಚ್ಚಿದ್ದು ಗೊತ್ತಾಯಿತು, ಒಂದು ಭಾರ ಒತ್ತಿದ ಹಾಗೆ. ಎಚ್ಚರ ತಪ್ಪಲಿಲ್ಲ. ಸ್ವಲ್ಪ ಹೊತ್ತಿಗೆ ರೆಪ್ಪೆ ನನ್ನದಲ್ಲದಂತಾಯಿತು. ಕಣ್ಣು ಹೊರಳಿಸಲು ನೋಡಿದೆ, ಅದು ನನ್ನ ಮಾತು ಕೇಳಲಿಲ್ಲ.

ಮುಖದ ಮೇಲೆ ಬಟ್ಟೆ ಹೊದಿಸಿದರು. ಮೇಲೆ ದೊಡ್ಡ ಬೆಳಕು ನೀರಲ್ಲಿ ಬಿದ್ದ ಹಾಗೆ ಕದಡುತ್ತಿತ್ತು. ಯಂತ್ರ ಸಣ್ಣಗೆ ಗುಂಯ್ ಅನ್ನುತ್ತಿತ್ತು. ಕಪಾಳದ ಪಕ್ಕ ತಣ್ಣಗೆ ನೀರು ಹರಿಯಿತು. "ಪಾಪೆ ಅಲ್ಲಾಡ್ತೈತೆ, ಕೊಕ್ಕೆ ಕೊಡಮ್ಮ," ಅಂದರು ಡಾಕ್ಟ್ರಮ್ಮ. ಅವರ ದನಿಯಲ್ಲಿ ಗಾಬರಿ ಇರಲಿಲ್ಲ. ಗೊತ್ತಿದ್ದವರ ದನಿ. ಹೇಳದೇ ಮಲಗಿದ್ದರೆ?

ಮಾರನೇ ದಿನ ಬೆಳಿಗ್ಗೆ ಪಟ್ಟಿ ಬಿಚ್ಚಿದರು. ಎದುರಿಗೆ ಶೌಕತ್. ಅವನ ಶರ್ಟು ನೀಲಿ. ಎಂಥ ನೀಲಿ! ಇಷ್ಟು ದಿನ ಅದನ್ನು ಹಸಿರು ಅಂದುಕೊಂಡಿದ್ದೆ. ಊರಿಗೆಲ್ಲ ಹೊಲಿಯುವವನ ಕಾಲರ್ ಸವೆದು ಎಳೆ ಎದ್ದಿದೆ. ಗಡ್ಡದಲ್ಲಿ ಒಂದೂ ಕರಿ ಕೂದಲಿಲ್ಲ. ಯಾವಾಗ ಇಷ್ಟು ಮುದುಕನಾದ ಇವನು?

ಬೈಗುಳ ಒಂದೂ ನೆನಪಾಗಲಿಲ್ಲ.

ಫೆಬ್ರುವರಿ ೨೬, ಬುಧವಾರ

ಶಿವರಾತ್ರಿ. ಡ್ರಾಪ್ಸ್ ಹಾಕಲು ಅರುಣಾಳ ಕೈ ನಡುಗುತ್ತದೆ, ಹನಿ ಮೂಗಿನ ಮೇಲೆ ಬೀಳುತ್ತದೆ. ಅದಕ್ಕೆ ಶೌಕತ್ ಬರುತ್ತಾನೆ. ಕೆಳರೆಪ್ಪೆ ಇಳಿಸಿ ಒಂದೇ ಹನಿ, ಆಮೇಲೆ ಕಣ್ಣು ಮುಚ್ಚಿಸಿ ಮೂಗಿನ ಪಕ್ಕ ಬೆರಳಿಟ್ಟು ಒತ್ತುತ್ತಾನೆ. ಎರಡು ಬಾಟಲಿ ಇವೆ, ಒಂದು ಹಾಕಿ ಇನ್ನೊಂದಕ್ಕೆ ಸ್ವಲ್ಪ ಕಾಯಬೇಕು. ಆ ಹೊತ್ತಿನಲ್ಲಿ ಏನೋ ಮಾತಾಡುತ್ತೇವೆ. ಅಂಥ ಮಹತ್ವದ್ದೇನಲ್ಲ.

ಇವತ್ತು ತಡವಾಗಿ ಬಂದ. ಮೆಡಿಕಲ್ ಶಾಪಿನ ವಿನಯ್ ಕುಮಾರ್ ತನ್ನ ತಂದೆ ಷಣ್ಮುಖಪ್ಪನವರಿಗೂ ಡ್ರಾಪ್ಸ್ ಹಾಕಿಕೊಡಿ ಅಂದನಂತೆ, ಮೊದಲು ಅಲ್ಲಿಗೆ ಹೋಗಿದ್ದನಂತೆ. ಮೆಡಿಕಲ್ ಇಟ್ಟವನಿಗೆ ಡ್ರಾಪ್ಸ್ ಹಾಕಲು ಬರುವುದಿಲ್ಲವೇ? ಷಣ್ಮುಖಪ್ಪನಿಗೂ ಇವನೇ ಬೇಕೇ? ಮೊದಲು ನನಗೆ ಹಾಕಿ ಆಮೇಲೆ ಎಲ್ಲಿಗಾದರೂ ಹೋಗು ಅಂದೆ.

ಮಾರ್ಚ್ ೧೧, ಮಂಗಳವಾರ

ಶೌಕತ್‌ಗೆ ರಂಜಾನ್ ಉಪವಾಸ. ಈ ಬಿಸಿಲಲ್ಲಿ ಉಗುಳು ನುಂಗುವುದಕ್ಕೂ ಯೋಚನೆ ಮಾಡುತ್ತಾನೆ, ಆದರೂ ಹೊತ್ತಿಗೆ ಸರಿಯಾಗಿ ಬರುತ್ತಾನೆ. ಡ್ರಾಪ್ಸ್ ಈಗ ಕಡಿಮೆಯಾಗಿದೆ. ಅವನು ಬಂದಾಗ ಅರುಣಾ ಚಹಾ ತಂದಳು. ಆಮೇಲೆ ಕುಡೀತೀನಿ ಅಂದೆ. ಯಾಕೋ ಬೇಕು ಅನ್ನಿಸಲಿಲ್ಲ. ಸೆಖೆ ಇರಬೇಕು.

ಷಣ್ಮುಖಪ್ಪ ನಿನ್ನೆ ಅವನಿಗೆ ಖರ್ಜೂರದ ಡಬ್ಬಿ ಕೊಟ್ಟನಂತೆ. ಪೇಟೆಯ ಖರ್ಜೂರ. ಎಂಥದ್ದೋ. ದಾವಣಗೆರೆಯಿಂದ ಒಳ್ಳೆಯದು ತರಿಸಲು ಹೇಳಿದ್ದೇನೆ.

ಮಾರ್ಚ್ ೨೭, ಗುರುವಾರ

ಇವತ್ತಿಗೆ ಡ್ರಾಪ್ಸ್ ಮುಗಿಯಿತು. ಹೊನ್ನಾಳಿಯಲ್ಲಿ ತೋರಿಸಿಯೂ ಆಯಿತು, ಕಣ್ಣು ಬಹಳ ಚೆನ್ನಾಗಿದೆ ಅಂದರು. "ಇನ್ನು ನನ್ನ ಕಾಟ ತಪ್ಪಿತು ನಿನಗೆ," ಅಂದ ಶೌಕತ್.

"ಹೌದಪ್ಪ, ತಪ್ಪಿತು," ಅಂದೆ.

ಏಪ್ರಿಲ್ ೨, ಬುಧವಾರ

ಹಬ್ಬ ಮುಗಿಸಿ ಶೌಕತ್ ಬಿಳಿಚೋಡಿಗೆ ಹೋದ. ಮಗಳು ರುಹೀನಾಳನ್ನು ಅಲ್ಲಿಗೆ ಕೊಟ್ಟಿದ್ದಾನೆ. ಎಷ್ಟು ದಿನ ಅಂದರೆ "ನೋಡಾಣ" ಅಂದ. ಅಂಗಡಿ ಷಟರ್ ಇಳಿದಿದೆ. ಪೇಟೆ ಒಳ್ಳೆ ನಿಶ್ಶಬ್ದವಾಗಿದೆ.

ಏಪ್ರಿಲ್ ೫, ಶನಿವಾರ

ನ್ಯಾಮತಿಯಿಂದ ಒಬ್ಬ ಹೆಣ್ಣುಮಗಳು ಬಂದಿದ್ದಳು. ಪಾರಿವಾಳದ ಕುತ್ತಿಗೆಯಂಥ ಬಣ್ಣದ ಸೀರೆ. ಒಂದು ಕಡೆಯಿಂದ ಹಸಿರು, ಒಂದು ಕಡೆಯಿಂದ ನೀಲಿ, ನೆರಿಗೆ ಮಡಿಸಿದರೆ ಕೆಂಪು. ಐದು ಅಂಗಡಿ ಸುತ್ತಿ ಬಂದಿದ್ದಳು. ನಾನು ಕೈ ಹಾಕಿದ್ದು ಒಂದೇ ಥಾನಿಗೆ. ಸೀರೆಯ ಮೇಲಿಟ್ಟರೆ ಎಲ್ಲಿ ಸೀರೆ ಮುಗಿಯಿತು, ಎಲ್ಲಿ ಬಟ್ಟೆ ಶುರುವಾಯಿತು ಗೊತ್ತಾಗಲಿಲ್ಲ. "ಅಬ್ಬಾ!" ಅಂದಳು ಅವಳು.

ಥಾನು ಕೈಯಲ್ಲಿ ಹಿಡಿದುಕೊಂಡೇ ಪಕ್ಕದ ಅಂಗಡಿಗೆ ಹೋದೆ. ಷಟರ್ ಮುಂದೆ ನಿಂತು ವಾಪಸ್ ಬಂದೆ.

ಏಪ್ರಿಲ್ ೭, ಸೋಮವಾರ

ಫೋನ್ ಮಾಡಿದೆ. ಎರಡು ಸಲ ಎತ್ತಲಿಲ್ಲ. ಮೂರನೇ ಸಲಕ್ಕೆ ಎತ್ತಿದ. ಹಿಂದೆ ನಗುವೋ ನಗು. ಯಾರೋ ಗಂಡಸು ಅವನ ಹೆಗಲ ಪಕ್ಕದಲ್ಲೇ ಕೂತು ಮಾತಾಡುತ್ತಿದ್ದ.

"ಯಾರೋ ಅದು?" ಅಂದೆ.

"ನಮ್ಮ ಬೀಗರು ಕಣೋ. ಬಹಳ ಮಜಾ ಮನುಷ್ಯ. ದಿನಾ ಸಂಜೆ ಇವರ ಕುರಿಹಟ್ಟಿ ಕಡೆ ಹೋಗಿ ಕೂತ್ಕಂತೀವಿ. ಇನ್ನೂ ಒಂದು ವಾರ ಇರ್ರಿ ಅಂತಿದಾರೆ."

"ಬ್ಲೌಸಿನ ಜನ ಬಂದು ಬಂದು ಹೋಗ್ತಿದಾರೆ. ನಾನೇನು ಹೇಳಲಿ?"

"ಬರ್ತಾನೆ ಅನ್ನು. ಒಂದು ನಿಮಿಷ, ಬೀಗರು ಕರೀತಿದಾರೆ," ಅಂದು ಇಟ್ಟುಬಿಟ್ಟ.

ಈ ಬೀಗ ಯಾರು? ಶೌಕತ್‌ನ ಕಣ್ಣಿಗೆ ಪೊರೆ ಬಂದಾಗ ಇವನು ಎಲ್ಲಿದ್ದ? ಶೌಕತ್‌ಗೆ ಕುರಿಹಟ್ಟಿಯ ಧೂಳು ಆಗುವುದಿಲ್ಲ, ಅದು ಇವನಿಗೆ ಗೊತ್ತೇ? ದಿನಾ ಸಂಜೆಯಂತೆ. ಮಜಾ ಮನುಷ್ಯನಂತೆ. ಊಟಕ್ಕೆ ಕೂತರೆ ಸೇರಲಿಲ್ಲ.

"ನಾಳೆ ಬೆಳಿಗ್ಗೆ ಬೇಗ ರೊಟ್ಟಿ ಮಾಡು. ದಾವಣಗೆರೆಯಲ್ಲಿ ಜಗಳೂರು ಬಸ್ ಹಿಡೀಬೇಕು," ಅಂದೆ ಅರುಣಾಗೆ.

"ಎಲ್ಲಿಗ್ರೀ?"

"ಬಿಳಿಚೋಡಿಗೆ. ಲೈನಿಂಗ್ ಬಟ್ಟೆ ನೋಡಬೇಕು."

"ಬಿಳಿಚೋಡಲ್ಲಿ ಲೈನಿಂಗ್ ಬಟ್ಟೆ ಸಿಗ್ತಾವಾ?"

"ಹೋಗಿ ನೋಡಿದ್ರೆ ತಾನೇ ಗೊತ್ತಾಗೋದು," ಅಂದೆ. ಅವಳು ಒಳಗೆ ಹೋಗಿ ಹಿಟ್ಟು ಅಳೆದಳು. ಶೌಕತ್‌ನನ್ನೂ ಸೇರಿಸಿ ಮೂರು ಜನಕ್ಕಾಗುವಷ್ಟು ಅಳೆದ ಹಾಗೆ ಕಾಣಿಸಿತು.